ನಡುಗುವ ಕೈಯ ಹತಾರಗಳು

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಕೋವಿ ರಿಪೇರಿಯ ಅಂಗಡಿ ಇಟ್ಟಿದ್ದ ಈರಭದ್ರಪ್ಪನಿಗೆ ತನ್ನ ಕೈಯ ಮೇಲಿದ್ದ ನಂಬಿಕೆ ಬೇರೆ ಯಾವುದರ ಮೇಲೂ ಇರಲಿಲ್ಲ. ದೇವರ ಮೇಲೂ ಅಷ್ಟಿಲ್ಲ ಎಂದು ಅವನ ಹೆಂಡತಿ ತೀರ್ಥಮ್ಮ ಆಗಾಗ ಆಡಿಕೊಳ್ಳುತ್ತಿದ್ದಳು. ತರೀಕೆರೆಯ ಕಡೆಯಿಂದ ಹಂದಿ ಕಾಟಕ್ಕೆಂದು ಇಟ್ಟುಕೊಂಡ ಜೋಡಿ ನಳಿಗೆಯ ಬಂದೂಕುಗಳು ಬರುತ್ತಿದ್ದವು. ಕಡೂರು, ಯಗಟಿಯ ಬಯಲಿನಿಂದ ಕುರಿಯವರು ತೋಳಕ್ಕೆಂದು ಲೈಸೆನ್ಸು ಮಾಡಿಸಿಕೊಂಡ ಕೇಪಿನ ಕೋವಿಗಳು ಬರುತ್ತಿದ್ದವು. ಯಾರ ಕೋವಿಯೇ ಆಗಲಿ, ಅವನ ಬೆಂಚಿನ ಮೇಲೆ ಮೈಬಿಚ್ಚಿ ಮಲಗಿ ಎದ್ದು ಹೋಗುವಾಗ ಅದರ ಮೇಲೆ ಹೊಸದೊಂದು ಗೀರು ಇರುತ್ತಿರಲಿಲ್ಲ.

ಅವನಪ್ಪನೂ ಇದೇ ಕೆಲಸದವನು. ಕುಲುಮೆಯ ಮುಂದೆ ಕೂತು, ಒಂದು ಅರ ಒಂದು ಸುತ್ತಿಗೆ ಹಿಡಿದು ಬಾಳು ಸಾಗಿಸಿದವನು. ಮಗನಿಗೆ ಅಷ್ಟು ಸಾಲದೆನಿಸುತ್ತಿತ್ತು. ಕೋವಿಯ ಲಾಕು ಎಂದರೆ ಗುಂಡು ಹಾರಿಸುವ ಯಂತ್ರ. ಅದರೊಳಗೆ ಇರುವ ಚೂರುಗಳೆಲ್ಲ ಒಂದರ ಮೈಗೊಂದು ಒರಸಿಕೊಂಡು ಓಡಾಡುವಂಥವು. ಕೂದಲೆಳೆಯಷ್ಟು ಹೆಚ್ಚಿದ್ದರೆ ಸಿಕ್ಕಿಕೊಳ್ಳುತ್ತವೆ, ಕೂದಲೆಳೆಯಷ್ಟು ಸವೆದರೆ ಜಾರುತ್ತವೆ. ಅಂಥ ಕೆಲಸಕ್ಕೆ ಬೇಕಾದ ಹತಾರ ಪೇಟೆಯಲ್ಲಿ ಸಿಗುವುದಿಲ್ಲ. ಪೇಟೆಯ ತಿರುಪುಳಿ ಸೈಕಲ್ಲಿಗೆ ಸರಿ. ಕೋವಿಯ ತಿರುಪಿನ ಗೀರು ಚಾಕುವಿನ ಅಲಗಿನಷ್ಟು ಸಣ್ಣ, ಅದಕ್ಕೆ ಅದೇ ಅಳತೆಯ ಅಲಗು ಬೇಕು. ಹತಾರ ಬೇಕೆಂದವನು ತಾನೇ ಮಾಡಿಕೊಳ್ಳಬೇಕು.

ಸ್ವಾತಂತ್ರ್ಯ ಬಂದ ಕೆಲವು ವರ್ಷಗಳ ಮೇಲೆ, ಗಿರಿಯ ಕಡೆಯ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟು ಸಾಮಾನನ್ನೆಲ್ಲ ಹರಾಜಿಗೆ ಹಾಕಿದ. ಮೇಜು ಕುರ್ಚಿಗೆ ಜನ ಮುಗಿಬಿದ್ದರು. ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿದ್ದ, ಲೋಹ ಕಡೆಯುವ ಲೇತಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ಈರಭದ್ರಪ್ಪ ಅದನ್ನು ತರೀಕೆರೆಯವರೆಗೆ ಲಾರಿಯಲ್ಲಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ತಂದ. ಹೊಲಿಗೆ ಮಿಷಿನ್ನಿನ ಹಾಗೆ ಕಾಲಿನಲ್ಲಿ ತುಳಿದು ಓಡಿಸುವ ಲೇತು ಅದು. ಸಣ್ಣ ಕೆಲಸಕ್ಕೆ ಅವನ ಕಾಲೇ ಸಾಕಿತ್ತು. ಗಟ್ಟಿ ಉಕ್ಕು ಕಡೆಯುವಾಗ ಮಾತ್ರ ಇನ್ನೊಬ್ಬರು ಪಕ್ಕದಲ್ಲಿ ನಿಂತು ದೊಡ್ಡ ಚಕ್ರವನ್ನು ಕೈಯಲ್ಲಿ ತಿರುಗಿಸಬೇಕಿತ್ತು. ಒಬ್ಬಳೇ ಮಗಳನ್ನು ಸಖರಾಯಪಟ್ಟಣಕ್ಕೆ ಕೊಟ್ಟ ಮೇಲೆ ಮನೆಯಲ್ಲಿ ಇಬ್ಬರೇ. ಚಕ್ರದ ಹಿಡಿ ತೀರ್ಥಮ್ಮನ ಕೈಗೆ ಬಂತು.

ಮೊದಮೊದಲು ಅವಳಿಗೆ ರೇಗುತ್ತಿತ್ತು. ಒಲೆಯ ಮೇಲೆ ಹಿಟ್ಟಿಗೆ ಎಸರಿಟ್ಟು ಬಂದು ಚಕ್ರ ತಿರುಗಿಸುವುದೆಂದರೇನು? ಆದರೆ ವರ್ಷ ತುಂಬುವುದರೊಳಗೆ ಅವಳಿಗೆ ಅದರ ಗುಟ್ಟು ಹತ್ತಿತು. ಉಳಿ ಉಕ್ಕನ್ನು ಸಮನಾಗಿ ಹೆರೆಯುತ್ತಿದೆಯೋ, ಕಚ್ಚಿ ಹಿಡಿಯುತ್ತಿದೆಯೋ ಎಂಬುದು ಗಂಡನ ಕಣ್ಣಿಗಿಂತ ಮುಂಚೆ ಅವಳ ಅಂಗೈಗೆ ತಿಳಿಯುತ್ತಿತ್ತು. ಅವನು ಹೇಳುವ ಮೊದಲೇ ಕೈ ಸಡಿಲಿಸುತ್ತಿದ್ದಳು. ಉಕ್ಕು ಸುರುಳಿ ಸುರುಳಿಯಾಗಿ ಕಳಚಿ ಬೀಳುವುದನ್ನು ನೋಡುತ್ತ ಇಬ್ಬರೂ ಮಾತಿಲ್ಲದೆ ಒಂದು ಹೊತ್ತು ಕಳೆದುಬಿಡುತ್ತಿದ್ದರು.

ಆ ಕಾಲದಲ್ಲಿ ಈರಭದ್ರಪ್ಪ ಮಾಡಿಕೊಂಡ ಹತಾರಗಳೆಲ್ಲ ಖುಷಿಗೆ ಹುಟ್ಟಿದವು. ನಳಿಗೆ ಎಲ್ಲಾದರೂ ಬಡಿದು ತಗ್ಗಾಗಿದ್ದರೆ ಒಳಗಿನಿಂದ ಮೆಲ್ಲಗೆ ಎತ್ತಲು, ನಳಿಗೆಯ ತೂತಿಗೆ ಸರಿಯಾಗಿ ಕೂರುವ ನುಣುಪಾದ ಉಕ್ಕಿನ ಗುಂಡು; ಕೇಪು ಕೂರುವ ಮೊಳೆಯನ್ನು ಕಳಚುವ ಕೀಲಿ; ಸ್ಪ್ರಿಂಗನ್ನು ಮುರಿಯದೆ ಅಮುಕಿ ಹಿಡಿಯುವ ಇಕ್ಕಳ. ಮಾಡಿ ಮುಗಿಸಿದ್ದನ್ನು ಎಣ್ಣೆ ಬಟ್ಟೆಯಲ್ಲಿ ಒರಸಿ ಹೆಂಡತಿಯ ಕೈಗೆ ಕೊಡುತ್ತಿದ್ದ. ಅವಳು ಅದನ್ನು ತೂಗಿ ನೋಡಿ, ಬೆಳಕಿಗೆ ಹಿಡಿದು ನೋಡಿ, ಹೂಂ ಅನ್ನುತ್ತಿದ್ದಳು. ಆ ಹೂಂಗಾಗಿ ಅವನು ಕಾಯುತ್ತಿದ್ದ.

ಇವುಗಳನ್ನು ನೋಡಿ ಅವನಷ್ಟೇ ಖುಷಿಪಡುತ್ತಿದ್ದವನು ಯಗಟಿಯ ದೊಡ್ಡಬೀರಪ್ಪ. ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಅವನ ಕುರಿಮಂದೆ ಅಜ್ಜಂಪುರದ ಎರೆ ಹೊಲಗಳಿಗೆ ಬರುತ್ತಿತ್ತು. ಗೊಬ್ಬರಕ್ಕಾಗಿ ರೈತರು ಹೊಲದಲ್ಲಿ ಮಂದೆ ಕಟ್ಟಿಸುತ್ತಿದ್ದರು. ಹುಡುಗರಾಗಿದ್ದಾಗಿನಿಂದ ಇಬ್ಬರಿಗೂ ಸ್ನೇಹ. ಮಂದೆ ಊರಲ್ಲಿ ಇರುವಷ್ಟು ದಿನವೂ ಬೀರಪ್ಪ ಹಗಲು ಬಿಡುವು ಸಿಕ್ಕಾಗ ಬಂದು ಅಂಗಡಿಯ ಹೊಸ್ತಿಲ ಮೇಲೆ ಕೂರುತ್ತಿದ್ದ. ಹೆಗಲ ಕಂಬಳಿಯನ್ನು ಮಡಿಸಿ ಕೆಳಗೆ ಹಾಕಿಕೊಂಡು, ಲೇತಿನ ಸುರುಳಿಗಳನ್ನು ಹೆಕ್ಕಿ ನೋಡುತ್ತ, ಉಕ್ಕಿಗೂ ಉಣ್ಣೆಯ ಹಾಗೆ ಎಳೆ ಇರುತ್ತದಲ್ಲೋ ಎಂದು ಆಶ್ಚರ್ಯಪಡುತ್ತಿದ್ದ. ಅವನ ಕೋವಿಯೂ ಅವನ ಹಾಗೆಯೇ ಹಳೆಯದು. ಅಜ್ಜನ ಕಾಲದ ಒಂಟಿ ನಳಿಗೆಯ ಕೇಪಿನ ಕೋವಿ. ಅದಕ್ಕೆ ಈರಭದ್ರಪ್ಪನ ಹೊರತು ಬೇರೆಯವರು ಕೈ ಹಚ್ಚಿರಲಿಲ್ಲ.

ನಡುಕ ಶುರುವಾದದ್ದು ಬಲಗೈಯ ಹೆಬ್ಬೆರಳಿನಲ್ಲಿ. ಸುಮ್ಮನೆ ಕೂತಾಗ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿ ಉಜ್ಜಾಡುತ್ತಿತ್ತು, ರುದ್ರಾಕ್ಷಿ ಎಣಿಸುವವರ ಹಾಗೆ. ಚಳಿ ಇರಬೇಕು ಅಂದುಕೊಂಡ. ಬೇಸಿಗೆ ಬಂದರೂ ನಿಲ್ಲಲಿಲ್ಲ. ಒಂದು ದಿನ ತರೀಕೆರೆಯವರ ಬಂದೂಕೊಂದರ ಲಾಕು ಬಿಚ್ಚುತ್ತಿದ್ದಾಗ ತಿರುಪುಳಿ ಜಾರಿ, ಹೂಬಳ್ಳಿ ಕೆತ್ತಿದ್ದ ಉಕ್ಕಿನ ತಗಡಿನ ಮೇಲೆ ಬೆಳ್ಳನೆ ಗೀರು ಎಳೆಯಿತು. ಈರಭದ್ರಪ್ಪ ಆ ಗೀರನ್ನೇ ನೋಡುತ್ತ ಕೂತ. ಆಮೇಲೆ ಎದ್ದು ಅಂಗಡಿಯ ಬಾಗಿಲು ಎಳೆದುಕೊಂಡ. ಮೂರು ದಿನ ಉಜ್ಜಿ, ಬಳ್ಳಿಯ ಎಲೆಯೊಂದನ್ನು ಉದ್ದ ಮಾಡಿ ಕೆತ್ತಿ, ಗೀರನ್ನು ಅದರಲ್ಲಿ ಮುಚ್ಚಿದ. ಬಂದೂಕಿನವರಿಗೆ ಗೊತ್ತಾಗಲಿಲ್ಲ.

ಅಲ್ಲಿಂದ ಮುಂದೆ ಅವನು ಮಾಡಿದ ಹತಾರಗಳು ಬೇರೆ ಥರದವು. ಮೊದಲು ತಿರುಪುಳಿಗೆ ಒಂದು ಹಿತ್ತಾಳೆಯ ಕೊಳವೆ ಕಡೆದ. ಕೊಳವೆಯ ಬಾಯಿ ತಿರುಪಿನ ತಲೆಯನ್ನು ಮುಚ್ಚಿ ಹಿಡಿದುಕೊಳ್ಳುತ್ತಿತ್ತು, ಅಲಗು ಅದರೊಳಗೇ ಇಳಿಯುತ್ತಿತ್ತು; ಕೈ ಎಷ್ಟೇ ಅಲುಗಿದರೂ ಅಲಗು ಹೊರಗೆ ಜಾರುವ ಹಾಗಿಲ್ಲ. ಆಮೇಲೆ ಅರಕ್ಕೆ ದಾರಿ ತೋರಿಸುವ ಒಂದು ಸಾಧನ. ಬೆರಳ ಗಾತ್ರದ ಎರಡು ಉರುಳೆಗಳನ್ನು ಕಡೆದು, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಅರದ ಹಲ್ಲು ಹತ್ತದಷ್ಟು ಗಟ್ಟಿ ಮಾಡಿದ. ಕೆಲಸದ ಚೂರನ್ನು ಎರಡರ ನಡುವೆ ಬಿಗಿದರೆ ಅರವಾಗಲಿ ಸಾಣೆ ಕಲ್ಲಾಗಲಿ ಉರುಳೆಗಳ ಮೇಲೆ ಓಡುತ್ತದೆ. ಓರೆಯಾಗುವಂತಿಲ್ಲ, ಅಳತೆ ಮೀರಿ ಇಳಿಯುವಂತಿಲ್ಲ. ಉರುಳೆಗಳನ್ನು ಏರಿಸಿ ಇಳಿಸಲು ಸಣ್ಣ ತಿರುಪು, ಮುಂಗೈ ಊರಲು ಒಂದು ಆಸರೆ ಕಂಬ. ಹೀಗೆ ವರ್ಷಕ್ಕೊಂದೆರಡು. ಕೈ ಒಂದೊಂದಾಗಿ ಬಿಟ್ಟುಕೊಟ್ಟದ್ದನ್ನೆಲ್ಲ ಅವನು ಉಕ್ಕಿನಲ್ಲಿ, ಹಿತ್ತಾಳೆಯಲ್ಲಿ ಕಡೆದು ಬೆಂಚಿನ ಮೇಲೆ ಸಾಲಾಗಿ ಇಟ್ಟುಕೊಂಡ.

ನೋಡಿದವರು ಬೆರಗಾದರು. ಈರಭದ್ರಪ್ಪನ ಹತ್ತಿರ ಇಂಗ್ಲೆಂಡಿನಲ್ಲೂ ಇಲ್ಲದ ಹತಾರಗಳಿವೆಯಂತೆ ಎಂದು ಕಡೂರಿನ ತನಕ ಮಾತು ಹರಡಿತು. ಕೈ ಸೋತಷ್ಟೂ ಹೆಸರು ಏರಿತು. ಹೊಗಳಿಕೆ ಕೇಳಿದಾಗಲೆಲ್ಲ ಅವನು ಬಲಗೈಯನ್ನು ತೊಡೆಯ ಕೆಳಗೆ ಅಡಗಿಸಿಕೊಂಡು ನಕ್ಕು ಸುಮ್ಮನಾಗುತ್ತಿದ್ದ.

ತೀರ್ಥಮ್ಮನಿಗೆ ತಿಳಿಯದೆ ಇರುತ್ತದೆಯೇ? ಅವಳು ಕೇಳಲಿಲ್ಲ. ಕಾಫಿ ಲೋಟವನ್ನು ಅರ್ಧಕ್ಕೆ ಮಾತ್ರ ತುಂಬಿ ಕೊಡತೊಡಗಿದಳು. ಅವನು ಕುಡಿದಿಟ್ಟ ಮೇಲೆ ಇನ್ನರ್ಧ ಬಗ್ಗಿಸುತ್ತಿದ್ದಳು. ಅಂಗಿಯ ಗುಂಡಿಗಳಿಗೆ ತೂತು ದೊಡ್ಡದು ಮಾಡಿ ಹೊಲಿದಳು. ಅವಳಿಗೆ ಗೊತ್ತಾಗಿದೆ ಎಂಬುದು ಅವನಿಗೂ ಗೊತ್ತಾಯಿತು. ಒಂದು ಸಂಜೆ ಅವನೇ, ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೆ ತೋರಿಸಿ ಬರೋಣ ಅಂದ. ಡಾಕ್ಟರು ನಡೆಸಿ ನೋಡಿದರು, ಕೈ ಮಡಿಸಿ ನೋಡಿದರು. ನರದ ಕಾಯಿಲೆ, ಮೆಲ್ಲಗೆ ಏರುತ್ತದೆ, ನಿಲ್ಲಿಸುವ ಮದ್ದು ಇನ್ನೂ ಬಂದಿಲ್ಲ ಎಂದರು. ಕೊಟ್ಟ ಬಿಳಿ ಮಾತ್ರೆ ನುಂಗಿದರೆ ಬಾಯಿ ಒಣಗುತ್ತಿತ್ತು, ನಡುಕ ತುಸು ತಗ್ಗಿದಂತಾಗಿ ಮತ್ತೆ ಬರುತ್ತಿತ್ತು. ವಾಪಸು ಬರುವಾಗ ರೈಲಿನಲ್ಲಿ, ಯಾರಿಗೂ ಹೇಳಬೇಡ ಎಂದಷ್ಟೇ ಅವನು ಹೆಂಡತಿಗೆ ಹೇಳಿದ.

ಅರವತ್ತೆರಡನೇ ಇಸವಿಯ ಬೇಸಿಗೆಯಲ್ಲಿ, ಮಂದೆ ಯಗಟಿಗೆ ಹಿಂದಿರುಗುವ ಹೊತ್ತಿಗೆ, ದೊಡ್ಡಬೀರಪ್ಪ ಕೋವಿ ತಂದು ಬೆಂಚಿನ ಮೇಲಿಟ್ಟ. ಕುದುರೆ ಜಾರುತ್ತಿತ್ತು. ಕೇಪಿನ ಕೋವಿಯಲ್ಲಿ ಗುಂಡು ಹಾರಿಸುವಾಗ, ಮದ್ದಿಗೆ ಕಿಡಿ ಕೊಡುವ ಕೇಪಿನ ಮೇಲೆ ಬಂದು ಬಡಿಯುವ ಭಾಗವೇ ಕುದುರೆ. ಅದನ್ನು ಅರ್ಧ ಎಳೆದು ನಿಲ್ಲಿಸಿದರೆ ಕೋವಿ ತುಂಬಿದ್ದರೂ ಹಾರಬಾರದು. ಒಳಗೆ ಒಂದು ಕಚ್ಚು ಅದನ್ನು ತಡೆದು ಹಿಡಿದಿರುತ್ತದೆ. ಹೊತ್ತು ತಿರುಗುವವನ ಜೀವ ಆ ಕಚ್ಚಿನ ಮೇಲೆ. ಬೀರಪ್ಪನ ಕೋವಿಯಲ್ಲಿ ಅದರ ಬಾಯಿ ಸವೆದು ದುಂಡಗಾಗಿತ್ತು. ಬುಡವನ್ನು ನೆಲಕ್ಕೆ ಮೆಲ್ಲಗೆ ತಟ್ಟಿದರೂ ಕುದುರೆ ಬೀಳುತ್ತಿತ್ತು.

ಈರಭದ್ರಪ್ಪ ಭೂತಗನ್ನಡಿ ಹಿಡಿದು ಅದನ್ನು ನೋಡಿದ. ಕಚ್ಚನ್ನು ಹೊಸದಾಗಿ ಎತ್ತಬೇಕು, ಉರುಳೆಗಳ ನಡುವೆ ಬಿಗಿದು ಕಲ್ಲಿನಲ್ಲಿ ತಿದ್ದಬೇಕು. ದಾರಿಯನ್ನೇನೋ ಉರುಳೆ ತೋರಿಸುತ್ತದೆ. ಆದರೆ ಕಲ್ಲಿನ ಮೇಲೆ ಬೀಳುವ ಕೈಭಾರ? ಅದು ಮೊದಲಿಂದ ಕೊನೆಯವರೆಗೆ ಒಂದೇ ಸಮನಾಗಿ ಇರಬೇಕು. ಆ ಒಂದಕ್ಕೆ ಅವನು ಯಾವ ಹತಾರವನ್ನೂ ಕಡೆದಿರಲಿಲ್ಲ. ನಾಳೆ ಬಾ ಅಂದ. ಮರುದಿನ, ನಾಡಿದ್ದು ಬಾ ಅಂದ. ಮೂರನೆಯ ಸಲ ಬಂದಾಗ ಬೀರಪ್ಪ ಹೊಸ್ತಿಲ ಮೇಲೆ ಕೂರಲಿಲ್ಲ.

"ಈರ, ನನ್ ಕೆಲ್ಸ ಮಾಡಕ್ಕೆ ನಿಂಗೆ ಬ್ಯಾಸರ ಆದ್ರೆ ಹೇಳ್ಬಿಡು. ದೊಡ್ಡೋರ ಬಂದೂಕೆಲ್ಲ ಬತ್ತವೆ, ಈ ಹಳೇದು ಯಾಕೆ ಅಂತ ನಿಂಗೆ ಅನ್ಸಿರಬೌದು" ಅಂದ.

ಈರಭದ್ರಪ್ಪ ತೊಡೆಯ ಕೆಳಗಿಂದ ಬಲಗೈ ತೆಗೆದು ಬೆಂಚಿನ ಮೇಲಿಟ್ಟ. ಅದು ಅಲ್ಲಿ ಒಂದೇ ಸಮನೆ ನಡುಗಿತು. ಬೆಂಚಿನ ಮೇಲಿದ್ದ ಸಣ್ಣ ತಿರುಪುಗಳು ಟಿಣಿಟಿಣಿ ಎಂದವು. ಬೀರಪ್ಪ ನೋಡಿದ. ಹೊರಗೆ ಕುರಿಗಳು ಕೂಗುತ್ತಿದ್ದವು. ಅವನು ತನ್ನ ಒರಟು ಅಂಗೈಯನ್ನು ಗೆಳೆಯನ ಕೈಮೇಲೆ ಇಟ್ಟ. ನಡುಕ ಅವನ ಕೈಗೂ ಹತ್ತಿದಂತೆ ಕಂಡಿತು.

ಎಷ್ಟು ವರ್ಷದಿಂದ ಎಂದು ಕೇಳಿದ. ಈರಭದ್ರಪ್ಪ ಎಲ್ಲವನ್ನೂ ಹೇಳಿದ. ಗೀರು, ಕೊಳವೆ, ಉರುಳೆ, ಶಿವಮೊಗ್ಗ. ಯಾರ ಬಾಯಿಗೂ ಇದು ಬೀಳಬಾರದು ಎಂದು ಕೇಳಿಕೊಂಡ. ಬೀರಪ್ಪ ಬೀರದೇವರ ಆಣೆ ಇಟ್ಟ. ಆಮೇಲೆ, ಆದದ್ದಾಗಲಿ, ನೀನೇ ಮಾಡು, ನಿನ್ನ ನಡುಗುವ ಕೈ ಇನ್ನೊಬ್ಬರ ನೆಟ್ಟಗಿನ ಕೈಗಿಂತ ಮೇಲು ಎಂದ.

"ಆಗಲ್ಲ ಕಣೋ" ಅಂದ ಈರಭದ್ರಪ್ಪ. "ಬ್ಯಾರೆ ಯಾವ್ದೇ ಆಗಿದ್ರೂ ಮಾಡ್ತಿದ್ದೆ. ಇದು ಜೀವದ ಕಚ್ಚು. ಕೂದ್ಲಷ್ಟು ಓರೆಯಾದ್ರೂ ನಿನ್ ಜೀವ ನಾನೇ ತಗ್ದಂಗೆ."

ಚಕ್ರದ ಬಳಿ ನಿಂತಿದ್ದ ತೀರ್ಥಮ್ಮ ಆಗ ಮೆಲ್ಲಗೆ ಬಾಯಿಬಿಟ್ಟಳು.

"ನೀವು ಪಕ್ಕದಲ್ ಕೂತು ಹೇಳ್ತಾ ಹೋಗಿ. ಕಲ್ಲು ನಾನು ಹಿಡೀತೀನಿ. ನನ್ ಕೈ ನೆಟ್ಟಗದೆ."

ಈರಭದ್ರಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. ಅಪ್ಪನ ಕಾಲದಿಂದ ಬಂದ ಕೆಲಸ, ಗೆಳೆಯನ ಎದುರಿಗೆ. ಚಕ್ರ ತಿರುಗಿಸಿದ ಮಾತ್ರಕ್ಕೆ ಕೋವಿ ಕೆಲಸ ಬರುವುದಿಲ್ಲ, ನೀನು ಒಳಗೆ ಹೋಗು ಎಂದು ಗದರಿದ. ಬೀರಪ್ಪ ನೆಲ ನೋಡಿದ. ತೀರ್ಥಮ್ಮ ಕೈಯ ಎಣ್ಣೆಯನ್ನು ಸೆರಗಿಗೆ ಒರಸಿಕೊಂಡು ಒಳಗೆ ಹೋದಳು. ಮತ್ತೆ ಆ ಮಾತೆತ್ತಲಿಲ್ಲ.

ಕೋವಿಯನ್ನು ಇಲ್ಲೇ ಬಿಟ್ಟು ಹೋಗು, ಗೊತ್ತಿರುವವರ ಕೈಯಲ್ಲಿ ಮಾಡಿಸಿಡುತ್ತೇನೆ ಎಂದು ಈರಭದ್ರಪ್ಪ ಕೇಳಿಕೊಂಡ. ತೋಳಗಳು ಹಟ್ಟಿಯ ತನಕ ಬರುತ್ತಿವೆ, ಕೋವಿ ಇಲ್ಲದೆ ಹೇಗೆ ಎಂದು ಬೀರಪ್ಪ ಒಪ್ಪಲಿಲ್ಲ. ಸರಿಯಾಗುವ ತನಕ ಕೇಪು ಹಾಕಿಕೊಂಡು ತಿರುಗಬೇಡ ಎಂದು ಇವನು ಹೇಳಿದ. ಆಗಲಿ ಎಂದು ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದ. ಮಂದೆಯ ಧೂಳು ರೈಲ್ವೆ ಗೇಟಿನ ಆಚೆ ಕರಗುವ ತನಕ ಈರಭದ್ರಪ್ಪ ಬಾಗಿಲಲ್ಲೇ ನಿಂತಿದ್ದ.

ದೊಡ್ಡಬೀರಪ್ಪ ಹೋಗುವ ದಾರಿಯಲ್ಲೇ ಕಡೂರಿನಲ್ಲಿ ಕೋವಿಯನ್ನು ಒಬ್ಬನಿಗೆ ಕೊಟ್ಟ. ಹೊಸದಾಗಿ ಅಂಗಡಿ ತೆರೆದವನು, ಸ್ಟವ್ವು, ಸೈಕಲ್ಲು, ಕೋವಿ ಎಲ್ಲವನ್ನೂ ಒಂದೇ ಅರದಲ್ಲಿ ತಿದ್ದುವವನು. ಕೂತ ಜಾಗದಲ್ಲೇ ಉಜ್ಜಿ ಕೊಟ್ಟನಂತೆ. ಕುದುರೆ ನಿಂತಿತು. ಬೀರಪ್ಪ ನೆಮ್ಮದಿಯಾಗಿ ಊರು ಸೇರಿದ.

ಮುಂಗಾರು ಹಿಡಿದ ಮೇಲೆ ಒಂದು ಬೆಳಿಗ್ಗೆ ಬೀರೂರಿನಿಂದ ಬಂದ ಬಸ್ಸಿನವನು ಸುದ್ದಿ ತಂದ. ಹಟ್ಟಿಯ ಮುಳ್ಳುಬೇಲಿಗೆ ಸಿಕ್ಕಿಕೊಂಡ ಮರಿಯೊಂದನ್ನು ಬಿಡಿಸಲು ದೊಡ್ಡಬೀರಪ್ಪ ಕೋವಿಯನ್ನು ಬೇಲಿಗೆ ಆನಿಸಿ ಬಗ್ಗಿದ್ದ. ಕೋವಿ ಜಾರಿ ಕಲ್ಲಿಗೆ ಬಿತ್ತು. ಅರ್ಧಕ್ಕೆ ನಿಂತಿದ್ದ ಕುದುರೆ ನಿಲ್ಲಲಿಲ್ಲ. ಸೀಸದ ಚರೆ ಎಲ್ಲ ಎದೆಗೆ ಹೊಕ್ಕಿತು. ಮರಿ ಕೈಯಲ್ಲೇ ಇತ್ತಂತೆ.

ಈರಭದ್ರಪ್ಪ ಯಗಟಿಗೆ ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಪೊಲೀಸರು ಮಹಜರು ಮಾಡಿ ಕೋವಿ ಒಯ್ದಿದ್ದರು. ಬೀರಪ್ಪನ ಹೆಂಡತಿ ದ್ಯಾಮಮ್ಮ ಹಟ್ಟಿಯ ಮುಂದೆ ಗೋಡೆಗೆ ಒರಗಿ ಕೂತಿದ್ದಳು. ಇವನು ಹೋಗಿ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯನ್ನು ಪಂಚೆಯೊಳಗೆ ಒತ್ತಿ ಹಿಡಿದುಕೊಂಡ. ಅವಳು ಅಳಲಿಲ್ಲ, ಬೈಯಲಿಲ್ಲ.

"ಅಷ್ಟ್ ದೂರದಿಂದ ನಿನ್ನೇ ನಂಬ್ಕಂಡು ಬತ್ತಿತ್ತು ಆ ಜೀವ. ಒಂದ್ ಸಲ ಕೈ ಆಡ್ಸಿ ಕೊಡಕ್ಕಾಗ್ಲಿಲ್ವ ಅಣ್ಣ?" ಅಂದಳು.

ಆಗ ಅವನಿಗೆ ಗೊತ್ತಾಯಿತು. ಬೀರಪ್ಪ ಆಣೆ ಮುರಿದಿರಲಿಲ್ಲ. ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ. ಈರಣ್ಣನಿಗೆ ಪುರುಸೊತ್ತಿಲ್ಲ, ಅದಕ್ಕೆ ಕಡೂರಲ್ಲಿ ಮಾಡಿಸಿದೆ ಎಂದಷ್ಟೇ ಹೇಳಿದ್ದನಂತೆ. ಪಂಚೆಯೊಳಗಿನ ಕೈಯನ್ನು ಹೊರಗೆ ತೆಗೆದು ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗಂಡನನ್ನು ಮಣ್ಣು ಮಾಡಿ ಬಂದವಳ ಎದುರಿಗೆ ತನ್ನ ಕಾಯಿಲೆಯನ್ನು ಹೇಗೆ ಹಿಡಿಯುವುದು? ತನ್ನನ್ನು ಉಳಿಸಿಕೊಳ್ಳಲು ಹೇಳಿದಂತಾಗುವುದಿಲ್ಲವೇ? ಕೈಯನ್ನು ಪಂಚೆಯೊಳಗೇ ಇಟ್ಟುಕೊಂಡ. ಬಸ್ಸಿಗೆ ಹೊತ್ತಾಯಿತು ಎಂದು ಯಾರೋ ಎಬ್ಬಿಸಿದರು.

ಊರಿಗೆ ಬಂದವನು ಲೇತಿನ ಮೇಲೆ ಗೋಣಿ ಹೊದಿಸಿದ. ಬಂದ ಕೋವಿಗಳನ್ನೆಲ್ಲ, ಆರೋಗ್ಯ ಸರಿಯಿಲ್ಲ ಎಂದು ವಾಪಸು ಕಳಿಸಿದ. ಹಗಲೆಲ್ಲ ಅಂಗಡಿಯಲ್ಲಿ ಸುಮ್ಮನೆ ಕೂರುತ್ತಿದ್ದ. ಊಟಕ್ಕೆ ಕರೆದರೆ ಬರುತ್ತಿದ್ದ, ತಟ್ಟೆ ಮುಂದಿಟ್ಟುಕೊಂಡು ಮರೆಯುತ್ತಿದ್ದ. ತೀರ್ಥಮ್ಮ ತುತ್ತು ಕಲಸಿ ಕೈಗಿಡುತ್ತಿದ್ದಳು. ನಡುಕ ಎಡಗೈಗೂ ದಾಟಿತ್ತು.

ದೀಪಾವಳಿ ಕಳೆದ ಮೇಲೆ, ಚೀನಾದ ಯುದ್ಧದ ಸುದ್ದಿ ಕೇಳಲು ಜನ ಹೋಟೆಲಿನ ರೇಡಿಯೋ ಮುಂದೆ ಗುಂಪುಗಟ್ಟಿದ್ದ ದಿನಗಳಲ್ಲಿ, ದ್ಯಾಮಮ್ಮ ತಾನಾಗಿ ಅಜ್ಜಂಪುರಕ್ಕೆ ಬಂದಳು. ಜೊತೆಗೆ ಮದುವೆಯಾದ ಮಗ ಚಿಕ್ಕಬೀರಪ್ಪ, ಅವನ ಹೆಗಲಲ್ಲಿ ಗೋಣಿ ಸುತ್ತಿದ ಕೋವಿ. ಪೊಲೀಸರು ಆಕಸ್ಮಿಕ ಎಂದು ಮುಗಿಸಿದ್ದರು; ಅಮಲ್ದಾರರ ಕಚೇರಿ ಸುತ್ತಿ ಮಗ ಲೈಸೆನ್ಸು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ತೋಳದ ಕಾಟ ನಿಂತಿರಲಿಲ್ಲ, ಮಂದೆ ಸಾಕುವವರಿಗೆ ಕೋವಿ ಬೇಡವೆಂದರೆ ಆಗುವುದಿಲ್ಲ.

ದ್ಯಾಮಮ್ಮ ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, ಇದು ಇವರಪ್ಪನನ್ನು ತಿಂದಿದೆ, ಇವನನ್ನೂ ತಿನ್ನಬಾರದು, ಈ ಸಲವಾದರೂ ನಿನ್ನ ಕೈಯಾರೆ ಮಾಡಿ ಕೊಡು ಎಂದಳು. ದನಿಯಲ್ಲಿ ಬಿರುಸಿತ್ತು. ಚಿಕ್ಕಬೀರಪ್ಪ ಗೋಣಿ ಬಿಚ್ಚಿ ಕೋವಿಯನ್ನು ಮುಂದೆ ಚಾಚಿದ. ತೆಗೆದುಕೊಳ್ಳದೆ ಬೇರೆ ದಾರಿ ಇರಲಿಲ್ಲ. ಈರಭದ್ರಪ್ಪ ಎರಡೂ ಕೈ ಚಾಚಿದ.

ಕೈಗಳು ಗಾಳಿಗೆ ಸಿಕ್ಕ ಎಲೆಯಂತೆ ಅದುರಿದವು. ಕೋವಿ ಹಿಡಿಯಲಾಗದೆ ಜಾರಿತು, ಚಿಕ್ಕಬೀರಪ್ಪ ಥಟ್ಟನೆ ಹಿಡಿದುಕೊಂಡ. ದ್ಯಾಮಮ್ಮ ಆ ಕೈಗಳನ್ನು ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಕೈಗಳನ್ನು ನೋಡಿದಳು.

"ಅವ್ನಿಗೆ ಗೊತ್ತಿತ್ತಾ?" ಎಂದು ಕೇಳಿದಳು.

ಬೀರಪ್ಪನಿಗೆ ಗೊತ್ತಿತ್ತು ಎಂದು ತೀರ್ಥಮ್ಮ ಹೇಳಿದಳು. ಯಾರಿಗೂ ಹೇಳಬೇಡ ಎಂದು ತನ್ನ ಗಂಡ ಅವನನ್ನು ಕೇಳಿಕೊಂಡಿದ್ದನ್ನೂ ಹೇಳಿದಳು. ದ್ಯಾಮಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. ಹಟ್ಟಿಯ ಮುಂದೆ ಅಂದು ಬಾರದ ಅಳು ಈಗ ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ತೀರ್ಥಮ್ಮ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈ ಇಟ್ಟಳು.

ಈರಭದ್ರಪ್ಪ ಎದ್ದು ಲೇತಿನ ಮೇಲಿನ ಗೋಣಿಯನ್ನು ಎಳೆದು ಹಾಕಿದ. ಬೆಂಚಿನ ಮುಂದಿನ ತನ್ನ ಮಣೆಯನ್ನು ಪಕ್ಕಕ್ಕೆ ಸರಿಸಿ, ಆ ಜಾಗವನ್ನು ಹೆಂಡತಿಗೆ ತೋರಿಸಿದ.

"ತೀರ್ಥಾ, ಬಾ. ನೀನೇ ಕೂತ್ಕ" ಅಂದ.

ಆ ದಿನವೂ ಮರುದಿನವೂ ಹಗಲೆಲ್ಲ ಕೆಲಸ ನಡೆಯಿತು. ತಿರುಪಿನ ತಲೆಗೆ ಕೊಳವೆ ಕೂರಿಸಿ ತೀರ್ಥಮ್ಮ ಲಾಕು ಬಿಚ್ಚಿದಳು, ಅಲಗು ಜಾರಲಿಲ್ಲ. ಕಡೂರಿನವನು ಉಜ್ಜಿ ಕೆಡಿಸಿದ್ದ ಕಚ್ಚಿನ ಭಾಗಕ್ಕೆ ಹೊಸದೊಂದು ಚೂರನ್ನೇ ಕಡೆಯಬೇಕಾಗಿತ್ತು. ಚಿಕ್ಕಬೀರಪ್ಪ ಚಕ್ರ ತಿರುಗಿಸಿದ, ಅವಳು ಉಳಿ ಹಿಡಿದಳು. ಈರಭದ್ರಪ್ಪ ಮಣೆಯ ಮೇಲೆ ಕೈಕಟ್ಟಿ ಕೂತು ಹೇಳುತ್ತಾ ಹೋದ. ಇನ್ನೂ ಸ್ವಲ್ಪ, ಸಾಕು, ಉಸಿರು ಬಿಡು, ಈಗ ಅಳೆ. ಆ ಮೇಲೆ ಚೂರನ್ನು ಉರುಳೆಗಳ ನಡುವೆ ಬಿಗಿದಳು. ಮುಂಗೈಯನ್ನು ಆಸರೆಗೆ ಊರಿ, ಸಾಣೆ ಕಲ್ಲನ್ನು ಉರುಳೆಗಳ ಮೇಲೆ ಓಡಿಸಿದಳು.

ಈರಭದ್ರಪ್ಪ ಅವಳ ಕೈಯನ್ನೇ ನೋಡುತ್ತಿದ್ದ. ಕಲ್ಲು ಹೋಗಿ ಬರುತ್ತಿತ್ತು. ಓರೆಯಾಗಲಿಲ್ಲ, ಓರೆಯಾಗದಂತೆ ಅವನೇ ಕಟ್ಟಿಟ್ಟಿದ್ದ. ಅಳತೆ ಮೀರಿ ಇಳಿಯಲಿಲ್ಲ. ಇಳಿಯದಂತೆ ಅವನೇ ಉರುಳೆ ಕಡೆದಿದ್ದ. ಬೇಕಾಗಿದ್ದದ್ದು ಒಂದೇ ಸಮನಾದ ಕೈಭಾರ, ಅದು ವರ್ಷಗಟ್ಟಲೆ ಚಕ್ರ ಹಿಡಿದ ಅವಳ ಅಂಗೈಯಲ್ಲಿ ತುಂಬಿಕೊಂಡಿತ್ತು. ತನ್ನ ನಡುಗುವ ಕೈಗೆಂದು ಕಡೆದ ಹತಾರ, ಕೆಲಸ ಕಲಿಯದ ಕೈಗೂ ದಾರಿ ತೋರಿಸುತ್ತದೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಬೇಸಿಗೆಯಲ್ಲಿ ಬೀರಪ್ಪ ಇದೇ ಬಾಗಿಲಲ್ಲಿ ನಿಂತಿದ್ದಾಗ ಹತಾರಗಳು ಇಲ್ಲೇ ಇದ್ದವು. ಅವಳೂ ಇಲ್ಲೇ ಇದ್ದಳು. ಬಾಯಿಬಿಟ್ಟು ಕೇಳಿಯೂ ಇದ್ದಳು.

ಮರುದಿನ ಸಂಜೆಗೆ ಲಾಕು ಜೋಡಿಸಿದರು. ಖಾಲಿ ಕೋವಿಯ ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಿ, ಬುಡವನ್ನು ಕಲ್ಲಿಗೆ ತಟ್ಟಿದರು. ನಿಂತಿತು. ಜೋರಾಗಿ ಕುಟ್ಟಿದರು. ನಿಂತಿತು. ಚಿಕ್ಕಬೀರಪ್ಪ ಕೋವಿಯನ್ನು ಮೊಣಕಾಲೆತ್ತರದಿಂದ ಕೈಬಿಟ್ಟ. ಕುದುರೆ ಕದಲಲಿಲ್ಲ.

ದ್ಯಾಮಮ್ಮ ಮುಂದೆ ಬಂದು, ಅಲ್ಲಾಡದೆ ನಿಂತಿದ್ದ ಕುದುರೆಯನ್ನು ಬೆರಳಿನಿಂದ ಮುಟ್ಟಿದಳು.

"ಎಲ್ಡು ದಿನದ ಕೆಲ್ಸ" ಅಂದಳು. ಅದರಲ್ಲಿ ಬೈಗುಳ ಇರಲಿಲ್ಲ. ಅಷ್ಟು ಹೇಳಿ ಗೋಣಿ ಎತ್ತಿಕೊಂಡಳು.

ಈರಭದ್ರಪ್ಪ ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ಕೆಲಸ ಕೆಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅದು ಸರಿಯಾಯಿತೆಂಬುದನ್ನೇ ಸಹಿಸಲಾಗಲಿಲ್ಲ. ತಾಯಿ ಮಗ ಇಬ್ಬರನ್ನೂ ಬಸ್ಸಿಗೆ ಕಳಿಸಿ ತೀರ್ಥಮ್ಮ ಬಂದಾಗ ಅವನು ಮಕ್ಕಳ ಹಾಗೆ ಬಿಕ್ಕುತ್ತಿದ್ದ. ಅವತ್ತು ನಿನ್ನ ಮಾತು ಕೇಳಿದ್ದರೆ ಬೀರ ಬದುಕಿರುತ್ತಿದ್ದ, ನಿನ್ನನ್ನು ಗದರಿ ಅವನನ್ನು ಕೊಂದೆ ಎಂದ. ಇಲ್ಲ ಎಂದು ಅವಳು ಹೇಳಲಿಲ್ಲ. ಸುಳ್ಳು ಹೇಳಿ ಸಮಾಧಾನ ಮಾಡುವ ಹೆಂಗಸಲ್ಲ ಅವಳು.

"ನಾನೂ ಇನ್ನೊಂದ್ ಸಲ ಕೇಳ್ಳಿಲ್ಲ" ಅಂದಳು. "ಕೇಳ್ಬೇಕಿತ್ತು. ನಂಗೂ ಸಿಟ್ಟು ಬಂದಿತ್ತು ಕಣ್ರೀ." ಆಮೇಲೆ ಅವನ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ಗಟ್ಟಿಯಾಗಿ ಹಿಡಿದುಕೊಂಡಳು.

ಆ ವರ್ಷ ಬಂದ ಹೊಸ ಆಯುಧ ಕಾಯಿದೆಯ ಪ್ರಕಾರ ರಿಪೇರಿಯ ಲೈಸೆನ್ಸನ್ನು ಮತ್ತೆ ಮಾಡಿಸಬೇಕಾಗಿತ್ತು. ಈರಭದ್ರಪ್ಪ ಮಾಡಿಸಲಿಲ್ಲ. ತರೀಕೆರೆಗೆ ಹೋಗಿ ಹಳೆಯದನ್ನು ಒಪ್ಪಿಸಿ ಬಂದ. ಹೆಂಡತಿಯ ಹೆಸರಿಗೆ ಕೊಡುತ್ತೀರಾ ಎಂದು ಕೇಳಿದ್ದನಂತೆ. ಗುಮಾಸ್ತರು ತಮಾಷೆಯೆಂದುಕೊಂಡು ನಕ್ಕರಂತೆ. ಅಂಗಡಿಗೆ ಕೋವಿ ಬರುವುದು ನಿಂತಿತು. ಲೇತು ಮಾತ್ರ ನಿಲ್ಲಲಿಲ್ಲ. ತೀರ್ಥಮ್ಮ ಅದರಲ್ಲಿ ಹೊಲಿಗೆ ಮಿಷಿನ್ನಿನ ಅಚ್ಚು, ಪಂಪಿನ ಬುಷ್ಷು, ಗಾಡಿಯ ಕಡಾಣಿ ಕಡೆದು ಕೊಡತೊಡಗಿದಳು. ಮೊದಲು ಜನ ನೋಡಿ ನಕ್ಕರು, ಆಮೇಲೆ ಸಾಲುಗಟ್ಟಿದರು. ಈರಭದ್ರಪ್ಪ ಪಕ್ಕದಲ್ಲಿ ಕೂತಿರುತ್ತಿದ್ದ. ದಿನ ಕಳೆದಂತೆ ನಾಲಿಗೆಯೂ ತೊದಲಿತು, ನಡೆಯುವಾಗ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಹೇಳಬೇಕಾದ್ದನ್ನು ಕಣ್ಣಲ್ಲೇ ಹೇಳುತ್ತಿದ್ದ, ಅವಳಿಗೆ ಅರ್ಥವಾಗುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಚಿಕ್ಕಬೀರಪ್ಪನ ಮಂದೆ ಎಂದಿನಂತೆ ಅಜ್ಜಂಪುರಕ್ಕೆ ಬರುತ್ತಿತ್ತು. ಅವನು ಬಂದಾಗಲೆಲ್ಲ ಈ ಮನೆಯಲ್ಲೇ ಊಟ. ಒಂದೊಂದು ವರ್ಷ ದ್ಯಾಮಮ್ಮನೂ ಜೊತೆಗೆ ಬರುತ್ತಿದ್ದಳು. ಈರಭದ್ರಪ್ಪನಿಗೆ ತಾನೇ ತುತ್ತು ಮಾಡಿ ತಿನ್ನಿಸುತ್ತಿದ್ದಳು, ತಿನ್ನುವಾಗ ಅವನ ಕಣ್ಣಿಂದ ಇಳಿಯುವ ನೀರನ್ನು ಸೆರಗಿನಿಂದ ಒರಸುತ್ತಿದ್ದಳು. ಬೀರಪ್ಪನ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಅರವತ್ತೇಳರ ಶ್ರಾವಣದಲ್ಲಿ, ಮಂದೆ ಊರಲ್ಲಿಲ್ಲದ ಕಾಲದಲ್ಲಿ, ಈರಭದ್ರಪ್ಪ ತೀರಿಕೊಂಡ. ಸುದ್ದಿ ತಿಳಿದು ದ್ಯಾಮಮ್ಮ ಯಗಟಿಯಿಂದ ಮೊದಲ ಬಸ್ಸಿಗೆ ಬಂದಳು. ಬೀರಪ್ಪನ ಮಣ್ಣಿಗೆ ಈರಭದ್ರಪ್ಪ ತಡವಾಗಿ ಮುಟ್ಟಿದ್ದ; ಅವಳು ಮಣ್ಣಿಗೆ ಮುಂಚೆ ಬಂದು ಮುಟ್ಟಿದಳು, ಮಗನ ಕೈಯಲ್ಲಿ ಚಟ್ಟಕ್ಕೆ ಹೆಗಲು ಕೊಡಿಸಿದಳು.